ರೇಣುಕಮ್ಮನ ಎಡಗೈ

ನವೆಂಬರ್ 4, 2024, ಸೋಮವಾರ

ಇವತ್ತೂ ಮಿಲ್ಲಿನ ಗೇಟಿನಲ್ಲಿ ಅದೇ ಗದ್ದಲ. ತಂಬ್ ಮಷೀನು ಯಾರ ಬೆರಳನ್ನೂ ಓದುತ್ತಿಲ್ಲ. ಹತ್ತಿ ಬಿಡಿಸಿ ಬಿಡಿಸಿ ನಮ್ಮ ಹೆಂಗಸರ ಹೆಬ್ಬೆರಳು ಸವೆದು ನುಣ್ಣಗಾಗಿವೆ. ಗೆರೆಯೇ ಇಲ್ಲದ ಮೇಲೆ ಮಷೀನು ತಾನೇ ಏನು ಓದೀತು? ಸೆರಗಿಗೆ ಒರೆಸು, ಎಣ್ಣೆ ಹಚ್ಚು, ಮತ್ತೆ ಒತ್ತು. ಕೊನೆಗೆ ವಾಚ್‌ಮನ್ ಅಮೀರ್ ಸಾಬ್ ಬೇಸತ್ತು ಹಾಜರಿ ಪಟ್ಟಿಯಲ್ಲಿ ಪೆನ್ನಿನಿಂದ ಗೀಚಿ ಒಳಗೆ ಬಿಡುತ್ತಾನೆ. ದಿನಾ ಇದೇ.

ನನ್ನ ಡಿಸ್ಪೆನ್ಸರಿಗೆ ಹದಿನೇಳು ಜನ. ಕಣ್ಣಿಗೆ ಹತ್ತಿಯ ದೂಳು ಬಿದ್ದವರು ಒಂಬತ್ತು, ಕೆಮ್ಮು ಐದು. ಉಳಿದ ಮೂವರಿಗೆ ಏನೂ ಇಲ್ಲ — ಐದು ನಿಮಿಷ ಫ್ಯಾನಿನ ಕೆಳಗೆ ಕೂಡಬೇಕಿತ್ತು. ಕೂಡಿಸಿದೆ. ನನ್ನಪ್ಪನ ಗಂಟೇನು ಹೋಗುತ್ತದೆ?

ಆ ಮೂವರಲ್ಲಿ ರೇಣುಕಮ್ಮ ಒಬ್ಬಳು. ಗಬ್ಬೂರಿನವಳು. ಪಟ್ಟಿಯಲ್ಲಿ ಹೆಸರು ಅವಳೊಬ್ಬಳದೇ, ಕೆಲಸಕ್ಕೆ ಬರುವವರು ಇಬ್ಬರು. ಒಂದು ದಿನ ಅವಳು, ಒಂದು ದಿನ ಅವಳ ನೆಗೆಣ್ಣಿ ಪಕೀರಮ್ಮ. ಅಣ್ಣತಮ್ಮಂದಿರ ಹೆಂಡಿರು, ಒಂದೇ ಮನೆ. ಒಬ್ಬಳು ಇಲ್ಲಿದ್ದರೆ ಇನ್ನೊಬ್ಬಳು ಅಲ್ಲಿ ರೇಣುಕಮ್ಮನ ಎರಡು ಹೆಣ್ಣುಮಕ್ಕಳು, ಎಮ್ಮೆ, ಒಲೆ ನೋಡಿಕೊಳ್ಳಬೇಕು. ಬದ್ಲಿ ಎನ್ನುತ್ತಾರೆ ಇದಕ್ಕೆ. ಅರ್ಧ ಮಿಲ್ಲು ನಡೆಯುವುದೇ ಹೀಗೆ — ಅತ್ತೆಯ ಬದಲಿಗೆ ಸೊಸೆ, ಅಕ್ಕನ ಬದಲಿಗೆ ತಂಗಿ. ಹೆಸರು ಕೂಗಿದರೆ ಬಂದವರು ಓ ಎನ್ನುತ್ತಾರೆ. ಅಮೀರ್ ಸಾಬ್‌ಗೆ ಗೊತ್ತು, ನನಗೆ ಗೊತ್ತು. ಹೆಡ್ ಆಫೀಸಿಗೆ ಮಾತ್ರ ಗೊತ್ತಿಲ್ಲ.

ನವೆಂಬರ್ 12, ಮಂಗಳವಾರ

ಎಚ್ಆರ್ ಅಂಬರೀಶ ಸಾಹೇಬರು ಡಿಸ್ಪೆನ್ಸರಿಗೇ ದಯಮಾಡಿಸಿದ್ದರು. ಮಾನ್ವಿಯ ಹುಡುಗ, ಮಾತು ಸಕ್ಕರೆ. ಕೈಯಲ್ಲಿ ಒಂದು ಡಬ್ಬಿ. ಒಳಗೆ ದಪ್ಪ ದಪ್ಪ ಸೂಜಿಗಳು, ಒಂದೊಂದರಲ್ಲೂ ಅಕ್ಕಿಕಾಳಿನಷ್ಟು ಗಾಜಿನ ಚೂರು. ಮೈಕ್ರೋಚಿಪ್ಪು.

ಎಡಗೈಯಲ್ಲಿ, ಹೆಬ್ಬೆರಳು ತೋರುಬೆರಳಿನ ನಡುವೆ ಮೆತ್ತಗಿರುತ್ತದಲ್ಲ, ಅಲ್ಲಿ ಚರ್ಮದ ಕೆಳಗೆ ಹಾಕುವುದು. ಗೇಟಿನ ಮುಂದೆ ಕೈ ಹಿಡಿದರೆ ಬಾಗಿಲು ತೆರೆಯುತ್ತದಂತೆ. ಹೆಸರು ಹಿಡಿದು ನಮಸ್ಕಾರ ಬೇರೆ ಹೇಳುತ್ತದಂತೆ. ಪ್ರಯೋಗಕ್ಕೆ ಹೆಡ್ ಆಫೀಸು ನಮ್ಮ ಮಿಲ್ಲನ್ನೇ ಆರಿಸಿದೆ. ತಂಬ್ ಮಷೀನು ಓದದ ಬೆರಳುಗಳು ಇಲ್ಲೇ ಹೆಚ್ಚಲ್ಲವೇ.

"ಇದರಾಗ ಏನೇನು ಇರ್ತದ ಸರ್?" ಎಂದೆ.

"ಏನಿಲ್ಲ ಸಿಸ್ಟರ್. ಬರೇ ಒಂದು ನಂಬರ್. ನಂಬರಿಗೇನು ಬಾಯಿ ಅದ?"

"ಸಾಕಿದ ನಾಯಿಗೋಳಿಗೆ ಹಾಕ್ತಾರಲ್ರೀ, ಅದ ಅಲ್ಲೇನು?"

ನಕ್ಕ. ಬೇಡ ಎಂದವರಿಗೆ ಏನು ಗತಿ ಎಂದು ಕೇಳಿದೆ. "ಬ್ಯಾಡ ಅನ್ಬಹುದು ಸಿಸ್ಟರ್, ಒತ್ತಾಯ ಇಲ್ಲ. ಆದ್ರ ಗೇಟು ತೆರಿಯಂಗಿಲ್ಲ, ಅದಕ್ಕ ನಾ ಏನ್ ಮಾಡ್ಲಿ?"

ಮೊದಲು ನನಗೆ. ನಾನು ಹಾಕಿಸಿಕೊಂಡರೆ ಹೆಂಗಸರು ಹೆದರುವುದಿಲ್ಲವಂತೆ. ಒಪ್ಪಿಗೆ ಪತ್ರ ನಾಲ್ಕು ಪುಟ, ಎಲ್ಲಾ ಇಂಗ್ಲಿಷು. ಕನ್ನಡದಲ್ಲಿ ಒಂದೇ ಸಾಲು, ಸ್ವಇಚ್ಛೆಯಿಂದ ಎಂದು. ಸಹಿ ಹಾಕಿ ನನ್ನ ಕೈಗೆ ನಾನೇ ಚುಚ್ಚಿಕೊಂಡೆ. ಮನೆಗೆ ಬಂದಾಗ ಅಮ್ಮಿ ಪಟ್ಟಿ ನೋಡಿ ಕೇಳಿದಳು. ಹತ್ತಿಕಟ್ಟಿಗೆ ಗೀರಿತು ಎಂದೆ. ಮೂವತ್ತೆಂಟು ತುಂಬಿದರೂ ಅಮ್ಮಿಗೆ ಸುಳ್ಳು ಹೇಳುವುದು ಬಿಟ್ಟಿಲ್ಲ ನಾನು.

ನವೆಂಬರ್ 19, ಮಂಗಳವಾರ. ರಾತ್ರಿ ಊಟಕ್ಕೆ ಮುಂಚೆ

ನೂರಾ ನಲವತ್ತಮೂರು ಕೈಗಳು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಚುಚ್ಚಿದ್ದೇ ಚುಚ್ಚಿದ್ದು. ಮುದುಕಿಯರಿಗೆ ಹೆದರಿಕೆಯೇ ಇಲ್ಲ. "ಹಚ್ಚಿ ಹಾಕ್ಸ್ಕೊಂಡಂಗ ಬಿಡ್ರೀ, ನಾವೇನು ಕಂಡಿಲ್ಲೇನು" ಎಂದು ಕೈ ಚಾಚಿದರು. ಹೂವಿನ ಹಚ್ಚೆಯ ಪಕ್ಕದಲ್ಲೇ ಸೂಜಿ ಇಳಿಸಿದೆ.

ಮಧ್ಯಾಹ್ನ ಪಟ್ಟಿ ನೋಡಿ "ರೇಣುಕಮ್ಮ" ಎಂದು ಕೂಗಿದೆ. ಓ ಎಂದು ಬಂದು ಕೂತವಳು ಪಕೀರಮ್ಮ.

"ಆಕಿಗೆ ಜ್ವರ ಬಂದಾವ್ರಿ ಸಿಸ್ಟರ್. ಇವತ್ತ ನನ್ನ ಪಾಳಿ."

ಹಿಂದೆ ಇನ್ನೂ ಐವತ್ತು ಜನ. ಅಂಬರೀಶ ಬಾಗಿಲಲ್ಲಿ ನಿಂತು ವಾಚು ನೋಡುತ್ತಿದ್ದ. ಇವತ್ತು ಹಾಕಿಸಿಕೊಳ್ಳದವರ ಹೆಸರು ನಾಳೆ ಪಟ್ಟಿಯಲ್ಲಿ ಇರುವುದಿಲ್ಲ. ಹೆಸರು ಹೋದರೆ ಇಬ್ಬರ ಕೆಲಸವೂ ಹೋಯಿತು. ಆ ಗಳಿಗೆಯಲ್ಲಿ ಇಷ್ಟೇ ಹೊಳೆದದ್ದು. ಹಾಜರಿಗೆ ಓ ಅಂದ ಹಾಗೆ ಇದೂ ಎಂದುಕೊಂಡೆ. ಸ್ಪಿರಿಟ್ ಹಚ್ಚಿದೆ, ಚುಚ್ಚಿದೆ, "ಗುರುತು ಖಚಿತಪಡಿಸಿಕೊಂಡಿದ್ದೇನೆ" ಎನ್ನುವ ಕಡೆ ಸಹಿ ಹಾಕಿದೆ. ರೇಣುಕಮ್ಮ, ಎಡಗೈ.

ಸಂಜೆ ಬಸ್ಸು ಕಲ್ಮಲಾ ದಾಟಿದ ಮೇಲೆ ತಲೆಗೆ ಬಂತು. ಪಾಳಿ ಬದಲಾಗುತ್ತದೆ, ಕೈ ಬದಲಾಗುವುದಿಲ್ಲ! ನಾಳೆಯಿಂದ ರೇಣುಕಮ್ಮನಿಗೆ ಗೇಟು ತೆರೆಯುವುದಿಲ್ಲ. ಎಂಥ ಕತ್ತೆ ನಾನು. ಹದಿನಾಲ್ಕು ವರ್ಷ ಸರ್ವೀಸು, ಬುದ್ಧಿ ಎಲ್ಲಿ ಅಡವಿಟ್ಟಿದ್ದೆನೋ.

ನವೆಂಬರ್ 22, ಶುಕ್ರವಾರ

ಇಬ್ಬರೂ ಒಟ್ಟಿಗೇ ಗೇಟಿಗೆ ಬಂದಿದ್ದರು. ರೇಣುಕಮ್ಮ ಬರಿಗೈ ಹಿಡಿದಳು — ಸದ್ದೇ ಇಲ್ಲ. ಪಕೀರಮ್ಮ ಹಿಡಿದಳು. "ನಮಸ್ಕಾರ, ರೇಣುಕಮ್ಮ" ಎಂದಿತು ಗೇಟು. ಇಬ್ಬರಿಗೂ ನಗು ತಡೆಯದು.

"ನನ್ನ ಗಂಡ ಸೈತ ಇಷ್ಟು ಮರ್ಯಾದಿ ಕೊಟ್ಟಿಲ್ರೀ ಸಿಸ್ಟರ್" ಎಂದಳು ರೇಣುಕಮ್ಮ. "ಇನ್ನ ಪಕೀರೀನೇ ದಿನಾ ಬರ್ಲಿ ಬಿಡ್ರೀ. ನಾ ಮನ್ಯಾಗ ಇರ್ತೀನಿ. ನಾ ಬರ್ಲಿಲ್ಲಂದ್ರೂ ನನ್ನ ಹೆಸರು ದುಡಿತದಲ್ಲ."

ಅವಳ ಗಂಡ ಅಂಜಿನೇಯ ಹೈದರಾಬಾದಿನಲ್ಲಿ ಗಾರೆ ಕೆಲಸಕ್ಕಿದ್ದಾನೆ. ಮೊಹರಂಗೆ ಊರಿಗೆ ಬಂದು ಹೋದವನು ಇನ್ನೂ ಬಂದಿಲ್ಲ. ನಗುತ್ತಲೇ ಹೋದಳು. ಅಂಬರೀಶನಿಗೆ ಹೇಳಿ ಸರಿಮಾಡಿಸಬೇಕು. ಆದರೆ ಆ ಸಹಿ ನನ್ನದು. ಮುಂದಿನ ವಾರ ನೋಡೋಣ.

ಡಿಸೆಂಬರ್ 16, ಸೋಮವಾರ

ಮುಂದಿನ ವಾರ ಬರಲೇ ಇಲ್ಲ.

ಗೇಟಿಗೆ ಮಾತ್ರ ಎಂದಿದ್ದರು. ಈಗ ಕ್ಯಾಂಟೀನಿನ ಬಾಗಿಲಿಗೆ ಕೈ ಓದುವ ಒಂದು ಡಬ್ಬಿ. ಬೇವಿನ ಮರದ ಕಟ್ಟೆಗೆ ಒಂದು. ನನ್ನ ಡಿಸ್ಪೆನ್ಸರಿಗೆ ಒಂದು. ಪಾಯಖಾನೆಯ ಬಾಗಿಲಿಗೂ — ಕೈ ಹಿಡಿಯದೆ ಚಿಲಕ ತೆರೆಯದು.

ಅಂಬರೀಶ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ, ಮಗುವಿನ ಫೋಟೋ ತೋರಿಸುವಷ್ಟು ಪ್ರೀತಿಯಿಂದ. ಮಿಲ್ಲಿನ ನಕ್ಷೆ, ಮೇಲೆ ಹಸಿರು ಚುಕ್ಕಿಗಳು. ಒಂದೊಂದು ಚುಕ್ಕಿಗೂ ಹೆಸರು. ಯಾರು ಯಾರ ಜೊತೆ ಎಷ್ಟು ಹೊತ್ತು ಕೂತರು, ಎಲ್ಲಾ ಇದೆ. "ಇವತ್ತ ಮುಂಜಾನೆ ಹನ್ನೊಂದಕ್ಕ ನೀವು ಇಪ್ಪತ್ತು ನಿಮಿಷ ವಾಶ್‌ರೂಮಿನಾಗ ಇದ್ರಿ ಸಿಸ್ಟರ್. ಆರೋಗ್ಯ ಬರೋಬ್ಬರಿ ಅದ ಇಲ್ಲೋ?" ಎಂದ. ಕಾಳಜಿಯಿಂದಲೇ ಕೇಳಿದ, ಪಾಪಿ. ಮುಟ್ಟಿನ ದಿನ ನನಗೆ. ನೆಲ ಬಾಯಿಬಿಟ್ಟಿದ್ದರೆ ಒಳಗೆ ಇಳಿದುಬಿಡುತ್ತಿದ್ದೆ.

ಹೆಂಗಸರು ನೀರು ಕುಡಿಯುವುದು ಬಿಟ್ಟಿದ್ದಾರೆ. ಎಷ್ಟು ಸಲ ಹೋದೆ ಎಂದು ಲೆಕ್ಕ ಬೀಳುತ್ತದಲ್ಲ. ಈ ವಾರ ಉರಿಮೂತ್ರದವರೇ ಹನ್ನೊಂದು ಜನ. ರಿಜಿಸ್ಟರಿನಲ್ಲಿ ಬರೆದೆ. ಆಮೇಲೆ ನೆನಪಾಯಿತು — ರಿಜಿಸ್ಟರೂ ತಿಂಗಳ ಕೊನೆಗೆ ಅವನ ಟೇಬಲ್ಲಿಗೇ ಹೋಗುತ್ತದೆ.

ಜನವರಿ 9, 2025, ಗುರುವಾರ

ಪಕೀರಮ್ಮ ಬಂದಳು. ಯಾರೂ ಇಲ್ಲದ ಹೊತ್ತು ನೋಡಿ. ಪರೀಕ್ಷೆ ಮಾಡಿದೆ. ಎರಡು ಗೆರೆ.

ಅತ್ತಳು. ಹಿಂದೆ ಎರಡು ಸಲ ಮೂರನೇ ತಿಂಗಳಲ್ಲಿ ಇಳಿದುಹೋಗಿವೆ. "ಯಾರ ಮುಂದೂ ಅನಬ್ಯಾಡ್ರಿ ಸಿಸ್ಟರ್. ನನ್ನ ಗಂಡಗೂ ಹೇಳಿಲ್ಲ. ಬಾಯಿಂದ ಹೊರಗ ಬಿದ್ರ ದೃಷ್ಟಿ ಆಗ್ತದ. ಈ ಸಲ ಹೊಟ್ಟಿನೇ ತಾನ ಹೇಳ್ಲಿ."

ರಿಜಿಸ್ಟರಿನಲ್ಲಿ "ತಲೆನೋವು" ಎಂದು ಬರೆದೆ. ಪರೀಕ್ಷೆಯ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದು ಒಲೆಗೆ ಹಾಕಿದೆ. ಈ ಡೈರಿ ಬಿಟ್ಟರೆ ಎಲ್ಲೂ ಇಲ್ಲ. ಹತ್ತಿ ಒತ್ತುವ ಪ್ರೆಸ್ಸಿನ ಕಡೆ ಗಂಟು ಎತ್ತಬೇಡ ಎಂದೆ. ಹೂಂ ಎಂದಳು. ಎತ್ತುತ್ತಾಳೆ, ನನಗೆ ಗೊತ್ತು.

ಜನವರಿ 22, ಬುಧವಾರ. ಮಧ್ಯಾಹ್ನ 3

ಡಿಸ್ಪೆನ್ಸರಿಯ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಅಂಬರೀಶ ಖುಷಿಯಿಂದ ಬಂದು ಹೇಳಿದ. ಸಾಫ್ಟ್‌ವೇರು ತಾನೇ ಹಿಡಿಯಿತಂತೆ! ರೇಣುಕಮ್ಮ ದಿನಕ್ಕೆ ಒಂಬತ್ತು ಸಲ ಪಾಯಖಾನೆ, ಬೆಳಗಿನ ಚಹಾದ ಹೊತ್ತಿಗೆ ಕ್ಯಾಂಟೀನಿನಿಂದ ಎದ್ದು ಹೋಗುವುದು, ಡಿಸ್ಪೆನ್ಸರಿಯಲ್ಲಿ ಒಬ್ಬಳೇ ಅರ್ಧ ಗಂಟೆ. "ಬಸುರಿರಬಹುದು ಅಂತ ಲೆಕ್ಕ ಹಾಕೇದ. ಅದಕ್ಕ ಇವತ್ತಿಂದ ರಜಾ ಕೊಟ್ವಿ, ನಂಬರ್ ಬಂದ್ ಮಾಡಿದ್ವಿ. ಮನಿಯವರಿಗೂ ಮೆಸೇಜ್ ಹೋಗೇದ. ನಾಳಿಗೆ ಏನರ ಹೆಚ್ಚುಕಡಿಮಿ ಆದ್ರ ಕಂಪನಿ ಮ್ಯಾಲ ಬರಬಾರದಲ್ಲ."

ಮೆಸೇಜು ಯಾರಿಗೆ ಎಂದೆ. ರೇಣುಕಮ್ಮನ ಹೆಸರಿನ ಮುಂದೆ ಇರುವ ನಂಬರಿಗೆ.

ಅದು ಅಂಜಿನೇಯನ ಫೋನು. ಮೊಹರಂಗೆ ಬಂದು ಹೋದವನ ಫೋನು. ಆರು ತಿಂಗಳಾಯಿತು. ಹೆಂಡತಿ ಬಸುರಿ ಎಂದು ಕಂಪನಿಯೇ ಅವನಿಗೆ ಬರೆದು ಕಳಿಸಿದೆ.

ಯಾ ಅಲ್ಲಾ.

ಜನವರಿ 23, ಗುರುವಾರ

ಪಕೀರಮ್ಮ ಗೇಟಿನ ಹೊರಗೆ ಕಾದಿದ್ದಳು.

"ನೀವ ಹೇಳಿದ್ರೇನ್ರೀ ಸಿಸ್ಟರ್?"

ಇಲ್ಲವ್ವ ಎಂದೆ. ನಂಬಲಿಲ್ಲ. ನಾನಾದರೂ ನಂಬುತ್ತಿರಲಿಲ್ಲ. ಆ ಕೋಣೆಯಲ್ಲಿ ಇದ್ದವರು ನಾವಿಬ್ಬರೇ.

ಈಗಲೇ ಆಫೀಸಿಗೆ ಹೋಗಿ, ಅದು ರೇಣುಕಮ್ಮನ ಕೈಯಲ್ಲ ಎಂದು ಹೇಳಿಬಿಡುತ್ತೇನೆ ಎಂದೆ. ಕಾಲು ಹಿಡಿದಳು. "ಬ್ಯಾಡ್ರೀ. ಒಬ್ಬಾಕಿ ಹೆಸರಿನಾಗ ಇನ್ನೊಬ್ಬಾಕಿ ಅಂದ್ರ ಪೊಲೀಸರಿಗೆ ಕೊಡ್ತಾರಂತ. ನಾಕು ದಿನ ತಡೀರಿ. ಮಾವಗ ನಾವ ಫೋನ್ ಮಾಡಿ ತಿಳಿಸಿ ಹೇಳ್ತೀವಿ."

ಮಾವ ಎಂದರೆ ಗಂಡನ ಅಣ್ಣ, ಅಂಜಿನೇಯ. ಆಯಿತು, ತಡೆಯುತ್ತೇನೆ ಎಂದೆ. ಅವಳ ಮಾತಿಗೆ ಎಂದು ಬರೆದುಕೊಳ್ಳಬಹುದು. ಸುಳ್ಳು. ನನ್ನ ಸಹಿಗೆ ಹೆದರಿದೆ. ಸಹಿ ಸುಳ್ಳು ಎಂದಾದರೆ ನರ್ಸಿಂಗ್ ರಿಜಿಸ್ಟ್ರೇಷನ್ ಹೋಗುತ್ತದೆ. ಅಮ್ಮಿ, ಬಾಡಿಗೆ ಮನೆ, ತೀನ್ ಕಂದೀಲ್ ಸರ್ಕಲ್ಲಿನ ಔಷಧಿ ಅಂಗಡಿಯ ಖಾತೆ... ನನ್ನದೂ ಒಂದು ಬಾಳೇ.

ಜನವರಿ 27, ಸೋಮವಾರ

ಹೇಳಿಲ್ಲ.

ಜನವರಿ 31, ಶುಕ್ರವಾರ

ಸಂಜೆ ರೇಣುಕಮ್ಮ ಮನೆ ಹುಡುಕಿಕೊಂಡು ರಾಯಚೂರಿಗೇ ಬಂದಳು. ಒಬ್ಬಳೇ. ಕೆನ್ನೆ ಬಾತಿತ್ತು. ಅಮ್ಮಿ ನೀರು ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡೇ ಕೂತಳು.

ಇವರ ಫೋನು ಎತ್ತದ ಅಂಜಿನೇಯ ಬುಧವಾರ ತಾನೇ ಬಂದನಂತೆ. ಮನೆಗಿಂತ ಮೊದಲು ಮಿಲ್ಲಿಗೆ ಹೋಗಿದ್ದಾನೆ. ಅಂಬರೀಶ ಅವನನ್ನು ಕೂಡಿಸಿ, ಚಹಾ ಕೊಟ್ಟು, ಹೆಂಡತಿ ಯಾವ ಹೊತ್ತಿಗೆ ಎಲ್ಲಿದ್ದಳು ಎಂದು ಎರಡು ತಿಂಗಳಿನದೆಲ್ಲಾ ತೋರಿಸಿದ್ದಾನೆ. ನನ್ನ ಸಹಿ ಇರುವ ಹಾಳೆಯನ್ನೂ.

"ನನ್ನ ತಪಾಸ ಮಾಡ್ರಿ ಸಿಸ್ಟರ್. ಹೊಟ್ಟ್ಯಾಗ ಏನೂ ಇಲ್ಲ ಅಂತ ಒಂದು ಚೀಟಿ ಬರ್ಕೊಡ್ರಿ."

ಮಾಡಿದೆ. ಒಂದೇ ಗೆರೆ. ಬರೆದುಕೊಟ್ಟೆ, ಸಹಿ, ತಾರೀಖು, ಸಮಯ. ಪಕೀರಮ್ಮ ಬಂದು ನಿಂತು ಹೇಳಿದರೆ ಮುಗಿಯಿತಲ್ಲ ಎಂದೆ. ತಲೆ ತಗ್ಗಿಸಿದಳು.

"ಆಕಿದು ಮಂಗಳವಾರ ಹೋತ್ರೀ. ಮೂರನೇದೂ ಹೋತು."

ಬಚ್ಚಲಲ್ಲಿ, ಯಾರಿಗೂ ತಿಳಿಯದ ಹಾಗೆ. ರೇಣುಕಮ್ಮನೇ ಬಟ್ಟೆ ಒಗೆದದ್ದು. ಅಂದರೆ ಆ ಮನೆಯಲ್ಲಿ ಈಗ ತೋರಿಸಲು ಯಾವ ಬಸುರೂ ಇಲ್ಲ.

ಫೆಬ್ರವರಿ 2, ರವಿವಾರ

ಗಬ್ಬೂರಿಗೆ ಹೋಗಿದ್ದೆ. ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತಿದ್ದರು. ನಡುವೆ ಈರಯ್ಯನವರು. ಒಂದು ಪಕ್ಕ ಅಂಜಿನೇಯ, ಅವನ ತಮ್ಮ, ಪಕೀರಮ್ಮನ ಗಂಡ ಯಮನೂರಪ್ಪ. ಹೆಂಗಸರಿಬ್ಬರೂ ದೂರದಲ್ಲಿ ನೆಲಕ್ಕೆ.

ಎಲ್ಲಾ ಹೇಳಿದೆ. ಬದ್ಲಿ, ಜ್ವರ, ಕೂಗಿದ್ದು, ಚುಚ್ಚಿದ್ದು. ಅಂಜಿನೇಯ ಕೂಗಾಡಲಿಲ್ಲ. ಫೋನು ತೆಗೆದ, ಹಾಳೆಯ ಫೋಟೋ ಹಿಡಿದ.

"ಗುರುತು ನೋಡಿ ಹಾಕೀನಿ ಅಂತ ಬರದದ. ಈ ಸಹಿ ನಿಮ್ದ ಅಲ್ಲೇನ್ರೀ ಅಕ್ಕಾರ?"

"ನಂದ."

"ಅವತ್ತ ಸುಳ್ಳ ಬರದಿರೋ, ಇವತ್ತ ಸುಳ್ಳ ಹೇಳಾಕತ್ತೀರೋ?"

ಚೀಟಿ ಕೊಟ್ಟೆ. ಬಸುರಿಲ್ಲ ಎಂಬ ಚೀಟಿ. ಓದಿ ಮಡಚಿದ. "ಮೆಸೇಜ್ ಬಂದಿದ್ದು ಇಪ್ಪತ್ತೆರಡಕ್ಕ. ಈ ಚೀಟಿ ಮೂವತ್ತೊಂದಕ್ಕ. ನಡುವ ಒಂಬತ್ತ ದಿನ ಅದ. ತೆಗೆಸ್ಯಾಳ. ನೀವು ನರ್ಸ್ ಇದೀರಿ, ಹೆಂಗ ತೆಗೀತಾರ ನಿಮಗ ಗೊತ್ತಿಲ್ಲೇನು?"

ಆಗ ಪಕೀರಮ್ಮ ಎದ್ದಳು. ಗಂಡನ ಎದುರಿಗೆ, ಅಷ್ಟು ಗಂಡಸರ ಎದುರಿಗೆ — "ಬಸುರಿದ್ದಾಕಿ ನಾನ್ರೀ. ಹೋಗಿದ್ದು ನಂದ. ಕೈ ನೋಡ್ರಿ ನಂದು" ಎಂದು ಎಡಗೈ ಚಾಚಿದಳು. ಕೈಯಲ್ಲಿ ಏನು ಕಾಣುತ್ತದೆ? ಸೂಜಿಯ ಕಲೆ ಕೂಡ ಮಾಸಿದೆ. ಯಮನೂರಪ್ಪ ಬೆಪ್ಪಾಗಿ ಅವಳನ್ನೇ ನೋಡುತ್ತಿದ್ದ. ಅವನಿಗೆ ಗೊತ್ತೇ ಇರಲಿಲ್ಲವಲ್ಲ.

ಈರಯ್ಯನವರು ಕೆಟ್ಟವರಲ್ಲ. ಮೆತ್ತಗೇ ಹೇಳಿದರು. "ನೀವಿಬ್ಬರೂ ಅಕ್ಕತಂಗೇರಿಗಿಂತ ಹೆಚ್ಚಿಗಿ ಇದ್ದವ್ರು. ಆಕಿ ಸಲುವಾಗಿ ನೀ ಹೇಳಾಕತ್ತೀ ಅಂತ ಊರಿಗೆಲ್ಲಾ ಗೊತ್ತಾಗ್ತದ, ಕೂಡು ತಂಗಿ." ಒಂದು ದಾರಿಯನ್ನೂ ಹೇಳಿದರು — ಗೇಟಿನ ಮುಂದೆ ಪಕೀರಮ್ಮ ಕೈ ಹಿಡಿಯಲಿ. ಗೇಟು ರೇಣುಕಮ್ಮ ಎಂದರೆ ಎಲ್ಲರೂ ಒಪ್ಪೋಣ. ಎರಡು ದಿನ ಗಡುವು.

ಜೀವ ಬಂತು. ಬಸ್ಸಿನಲ್ಲಿ ಒಬ್ಬಳೇ ಅತ್ತೆ.

ಫೆಬ್ರವರಿ 4, ಮಂಗಳವಾರ

ನಂಬರ್ ಬಂದ್ ಆಗಿದೆ. ಜನವರಿ ಇಪ್ಪತ್ತೆರಡಕ್ಕೇ. ಅಂಬರೀಶ ಅಂದೇ ಹೇಳಿದ್ದ, ಮರೆತೇಬಿಟ್ಟಿದ್ದೆ. ಪಕೀರಮ್ಮ ಮೂರು ಸಲ ಕೈ ಹಿಡಿದಳು. ಅಂಜಿನೇಯ ಕೈ ಕಟ್ಟಿ ನಿಂತಿದ್ದ. ಕೆಂಪು ದೀಪ. ಹೆಸರೇ ಬರಲಿಲ್ಲ.

ಅಂಬರೀಶನ ಹತ್ತಿರ ಓಡಿದೆ. ಎಲ್ಲಾ ಒಪ್ಪಿಕೊಂಡೆ — ಬೇರೆಯವಳ ಕೈಗೆ ಹಾಕಿದ್ದೇನೆ, ನನ್ನನ್ನು ಬೇಕಾದರೆ ತೆಗೆದುಹಾಕಿ, ಒಂದೇ ನಿಮಿಷ ಆ ನಂಬರ್ ಚಾಲೂ ಮಾಡಿ. ಕೈ ಮುಗಿದೆ.

ಬಾಗಿಲು ಮುಂದೆ ಮಾಡಿದ. "ನೀವು ಹೇಳಿಲ್ಲ ಸಿಸ್ಟರ್, ನಾ ಕೇಳಿಲ್ಲ. ನೂರಾ ನಲವತ್ತಮೂರಕ್ಕ ನೂರಾ ನಲವತ್ತಮೂರೂ ಬರೋಬ್ಬರಿ ಅದಾವ ಅಂತ ವರದಿ ಹೋಗೇದ."

"ಹೋಗ್ಲಿ, ಆ ಕೈ ಯಾರದು ಅಂತನಾದ್ರೂ ರೇಣುಕಮ್ಮನ ಗಂಡಗ ತೋರಿಸ್ರಿ."

"ಒಬ್ಬರ ಮಾಹಿತಿ ಇನ್ನೊಬ್ಬರಿಗೆ ತೋರಿಸಂಗಿಲ್ಲ. ಪ್ರೈವಸಿ ಸಿಸ್ಟರ್."

ಆರು ದಿನದ ಹಿಂದೆ ಅದೇ ಕುರ್ಚಿಯಲ್ಲಿ ಅಂಜಿನೇಯನನ್ನು ಕೂಡಿಸಿ ಚಹಾ ಕೊಟ್ಟವನು. ಅವನ ಮುಖಕ್ಕೆ ಉಗಿಯಬೇಕಿತ್ತು. ಹೊರಗೆ ಬಂದಾಗ ಗೇಟಿನ ಹತ್ತಿರ ಅಂಜಿನೇಯ ಇರಲಿಲ್ಲ.

ಫೆಬ್ರವರಿ 23, ರವಿವಾರ

ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ರೇಣುಕಮ್ಮನನ್ನು ಕಂಡೆ. ಮಲ್ಲಟಕ್ಕೆ, ಅಣ್ಣನ ಮನೆಗೆ ಹೊರಟಿದ್ದಳು. ಒಂದು ಚೀಲ. ಹುಡುಗಿಯರನ್ನು ಅಂಜಿನೇಯ ಕೊಟ್ಟಿಲ್ಲ.

"ರೇಣುಕಮ್ಮಾ" ಎಂದು ಕೂಗಿದೆ. ತಿರುಗಲಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಿದೆ.

"ಆಕಿ ಮಿಲ್ಲಿನಾಗ ಅದಾಳ್ರೀ" ಎಂದಳು. ಸಿಟ್ಟಿಲ್ಲ, ಅಳು ಇಲ್ಲ. "ನಾ ಅಲ್ಲ."

ಬಸ್ಸು ಬಂತು. ಕಿಟಕಿಯ ಹತ್ತಿರ ಕೂತಳು. ನನ್ನ ಕಡೆ ನೋಡಲಿಲ್ಲ. ನಾನು ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದೆ, ಯಾಕೋ.

ಮೇ 18, ರವಿವಾರ

ಅಂಜಿನೇಯ ಮತ್ತೊಂದು ಮದುವೆ ಮಾಡಿಕೊಂಡನಂತೆ. ಅಮೀರ್ ಸಾಬ್ ಫೋನು ಮಾಡಿ ಹೇಳಿದ. ಬರೆಯಲು ಬೇರೇನೂ ಇಲ್ಲ.

ನವೆಂಬರ್ 8, ಶನಿವಾರ

ಹೊಸ ಹಂಗಾಮು. ಇವತ್ತು ಗೇಟು ಶುರು.

ರಾಜೀನಾಮೆ ಬರೆದಿಟ್ಟಿದ್ದೆ, ಮೂರು ಸಲ. ಕೊಟ್ಟಿಲ್ಲ. ಬೇರೆ ಎಲ್ಲಿ ಕೊಡುತ್ತಾರೆ ಕೆಲಸ? ನನ್ನ ಕೈಯ ಚಿಪ್ಪಿನ ಕಾಳು ಇನ್ನೂ ಅಲ್ಲೇ ಇದೆ. ಹೆಬ್ಬೆರಳಿನಿಂದ ಒತ್ತಿದರೆ ಅತ್ತಿತ್ತ ಜಾರುತ್ತದೆ.

ಎಂಟು ಗಂ‍ಟೆಗೆ ಸಾಲಿನಲ್ಲಿ ಪಕೀರಮ್ಮ. ಇಳಿದುಹೋಗಿದ್ದಾಳೆ. ನನ್ನನ್ನು ನೋಡಿ ಸೆರಗು ಎಳೆದುಕೊಂಡಳು. ಹೊಟ್ಟೆಪಾಡು, ಬರಲೇಬೇಕು. ಹೊಸ ಹಂಗಾಮಿಗೆ ಹಳೆಯ ನಂಬರುಗಳನ್ನೆಲ್ಲಾ ಒಟ್ಟಿಗೆ ಚಾಲೂ ಮಾಡಿದ್ದಾರಂತೆ. ಕೈ ಹಿಡಿದಳು.

"ನಮಸ್ಕಾರ, ರೇಣುಕಮ್ಮ."

ಸ್ಪಷ್ಟವಾಗಿ. ಇಡೀ ಸಾಲಿಗೆ ಕೇಳುವ ಹಾಗೆ. ಒಂಬತ್ತು ತಿಂಗಳ ಹಿಂದೆ ಇದೊಂದೇ ಮಾತು ಸಾಕಿತ್ತು. "ಇನ್ನೊಮ್ಮೆ ಹಿಡಿಯವ್ವ" ಎಂದು ಫೋನು ತೆಗೆದೆ. ಅವಳು ಮತ್ತೆ ಹಿಡಿದಳು. ಮುಖ, ಕೈ, ದನಿ, ಎಲ್ಲಾ ಬಂದಿದೆ. ಹನ್ನೊಂದು ಸೆಕೆಂಡಿನ ವಿಡಿಯೋ.

"ಯಾರಿಗೆ ತೋರಿಸ್ತೀರಿ ಸಿಸ್ಟರ್?" ಎಂದಳು ಪಕೀರಮ್ಮ. "ಮಾವನ ಹೊಸ ಹೆಂಡ್ತಿಗೆ ಈಗ ಐದನೇ ತಿಂಗಳು." ಒಳಗೆ ಹೋದಳು.

ಅಂಜಿನೇಯ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ಈರಯ್ಯನವರು ಶ್ರಾವಣದಲ್ಲಿ ತೀರಿಕೊಂಡರು. ಹತ್ತೂವರೆಗೆ ಅಂಬರೀಶ ಕರೆಸಿದ. ಗೇಟಿನ ಹತ್ತಿರ ಮೊಬೈಲ್ ತೆಗೆಯುವ ಹಾಗಿಲ್ಲ, ಅಳಿಸಿ ಎಂದ. ಅಳಿಸಿದೆ ಎಂದೆ. ಅಳಿಸಿಲ್ಲ.

ನಾಳೆ ರವಿವಾರ. ಮಲ್ಲಟದ ಬಸ್ಸು ಬೆಳಿಗ್ಗೆ ಏಳೂವರೆಗೆ. ಅವಳಿಗೊಬ್ಬಳಿಗಾದರೂ ತೋರಿಸಬೇಕು. ತೋರಿಸಿ ಏನು ಹೇಳಲಿ? ನೀನು ಸುಳ್ಳು ಹೇಳಿರಲಿಲ್ಲ ಎಂದೇ? ಅದು ಅವಳಿಗೆ ಮೊದಲೇ ಗೊತ್ತು. ಫೋನಿನಲ್ಲಿ ಆ ದನಿ ಅವಳ ಹೆಸರು ಕರೆದು ನಮಸ್ಕಾರ ಎಂದಾಗ ಅವಳು ಮತ್ತೆ "ನಾ ಅಲ್ಲ" ಎಂದರೆ? ಆದರೂ ಏಳೂವರೆಯ ಬಸ್ಸು ಹತ್ತುತ್ತೇನೆ.